ನೀಲಿ ಬೆಳಗುವ ನಡುಪಟ್ಟಿ

ಶಾಲೆಯ ಅಂಗಳದಲ್ಲಿ ಹುಡುಗಿಯರು ಚಾಪೆಯ ಮೇಲೆ ಮಂಡಿಯೂರಿ, ಕೈಗಳನ್ನು ಮುಂದಕ್ಕೆ ಚಾಚಿ, ಹಣೆ ನೆಲಕ್ಕೆ ತಾಗಿಸಿ ಬಾಗಿದ್ದರು. ಅವರ ಸೊಂಟಕ್ಕೆ ಅಂಟಿಕೊಂಡಿದ್ದ ಪಟ್ಟಿಗಳ ಬೆಳಕು ಸಮವಸ್ತ್ರದ ತೆಳು ಬಟ್ಟೆಯನ್ನು ದಾಟಿ ಹೊರಗೆ ಕಾಣುತ್ತಿತ್ತು. ಎಲ್ಲವೂ ನೀಲಿ.

"ಒಂದಾದ್ರೂ ಕೆಂಪೈತಾ ನೋಡ್ರಿ ಮೇಡಂ," ಎಂದ ರಿಹಾನ್, ವ್ಯಾಯಾಮ ಕಲಿಸುವವನು. "ಆಕಾಶನೇ ಕೆಳಗ ಮಲಗಿದಂಗೈತಿ."

ಇಂಚರಾ ತಲೆಯಾಡಿಸಿದಳು. ನಡುಪಟ್ಟಿ ಅವಳ ಕೈಯಿಂದಲೇ ಹುಟ್ಟಿದ್ದು.

ಶತಮಾನದ ನಡುಭಾಗ ದಾಟುವ ಹೊತ್ತಿಗೆ ಮಕ್ಕಳ ಬೆನ್ನು ದೊಡ್ಡವರ ಬೆನ್ನಿಗಿಂತ ಮೊದಲು ಸೋಲತೊಡಗಿತ್ತು. ಪುಸ್ತಕದ ಚೀಲ ಎಂದೋ ಹೋಗಿತ್ತು. ಆದರೆ ಪಾಠವೆಲ್ಲ ಕಣ್ಣಿಗೆ ಕಟ್ಟುವ ಪರದೆಯ ಮುಸುಕಿನೊಳಗೆ ಬಂದ ಮೇಲೆ ಮಕ್ಕಳು ಕೂತಲ್ಲೇ ಕೂರುತ್ತಿದ್ದರು. ಹದಿನಾಲ್ಕು ಹದಿನೈದಕ್ಕೇ ಸೊಂಟ ಹಿಡಿದುಕೊಂಡು ಏಳುವವರು ಪ್ರತಿ ತರಗತಿಯಲ್ಲೂ ಇದ್ದರು. ಯಾವ ವ್ಯಾಯಾಮ ಕೊಟ್ಟರೆ ಒಳ್ಳೆಯದು? ಹೊಟ್ಟೆ ಮತ್ತು ಬೆನ್ನಿನ ಆಳದ ಸ್ನಾಯುಗಳನ್ನು ಗಟ್ಟಿ ಮಾಡುವುದೋ, ಮೈಯನ್ನು ಎಳೆದು ಸಡಿಲಿಸುವುದೋ, ಬರಿಯ ನಡಿಗೆಯೋ? ಎಷ್ಟು ಹೋಲಿಸಿದರೂ ಉತ್ತರ ಸಿಕ್ಕಿರಲಿಲ್ಲ. ಅಳತೆಗೋಲು ಮಕ್ಕಳ ನಾಲಿಗೆಯಾಗಿತ್ತು. ಆಟ ಬೇಕಾದವರು ನೋವಿಲ್ಲ ಎನ್ನುತ್ತಿದ್ದರು, ಪರೀಕ್ಷೆ ಬೇಡವಾದವರು ತಾಳಲಾರೆ ಎನ್ನುತ್ತಿದ್ದರು.

ನಡುಪಟ್ಟಿ ನಾಲಿಗೆಯನ್ನು ಕೇಳುತ್ತಿರಲಿಲ್ಲ. ನೋವಾದಾಗ ಬೆನ್ನೆಲುಬಿನ ಇಕ್ಕೆಲದ ಸ್ನಾಯುಗಳು ತಾವಾಗಿ ಬಿಗಿಯುತ್ತವೆ, ಚರ್ಮ ಸಣ್ಣಗೆ ಬೆವರುತ್ತದೆ, ನರಗಳಲ್ಲಿ ಮಿಂಚಿನಂಥ ಸಂಕೇತ ಓಡುತ್ತದೆ. ಕೂದಲಿಗಿಂತ ತೆಳುವಾದ ಎಳೆಗಳು ಇದನ್ನೆಲ್ಲ ಓದಿ ಬಣ್ಣವಾಗಿ ತೋರಿಸುತ್ತಿದ್ದವು. ನೋವಿದ್ದರೆ ಕೆಂಪು, ಇಲ್ಲದಿದ್ದರೆ ನೀಲಿ.

ಸಾಲಿನ ಕೊನೆಯಲ್ಲಿದ್ದ ನೇಸರಾ ಎದ್ದು ನಿಂತಳು. ಒಂಬತ್ತನೇ ತರಗತಿ, ಎಣ್ಣೆ ಹಚ್ಚಿದ ಬಿಗಿ ಜಡೆ.

"ಮೇಡಂ, ನಂಗೆ ಬೆನ್ನು ಭಾಳ ನೋಯ್ತೈತಿ."

"ಈಗ ನೋಯ್ತಿದೆಯಾ?"

"ಈಗಲ್ಲ. ಆವಾಗಾವಾಗ."

"ಓಟದ ಪೀರಿಯಡ್ ಬಂದಾಗ!" ಎಂದಳು ಪಕ್ಕದವಳು. ಸಾಲಿಗೆ ಸಾಲೇ ನಕ್ಕಿತು.

ಇಂಚರಾ ಕೈಯಲ್ಲಿದ್ದ ಪರದೆಯಲ್ಲಿ ನೇಸರಾಳ ಗೆರೆಯನ್ನು ತೆರೆದಳು. ತಿಂಗಳುಗಳ ಉದ್ದಕ್ಕೂ ಗೆರೆ ನಿಂತ ನೀರಿನಂತೆ ಸಮವಾಗಿತ್ತು. "ಪಟ್ಟಿ ಏನೂ ಹೇಳ್ತಿಲ್ವಲ್ಲ ಪುಟ್ಟಿ," ಎಂದಳು, ಗದರದೆ. ಹುಡುಗಿಯ ಪಟ್ಟಿಯ ಕೊಂಡಿಯ ಮೇಲೆ ಕುಂಕುಮದ ಬೊಟ್ಟಿತ್ತು. ಈ ಶಾಲೆಯ ಪಟ್ಟಿಗಳಲ್ಲಿ ಅದು ಯಾವಾಗಲೂ ಇರುತ್ತಿತ್ತು. ಆಯುಧಪೂಜೆಯಲ್ಲಿ ಗಾಡಿಗೆ, ಯಂತ್ರಕ್ಕೆ ಹಚ್ಚುವ ಜನ, ಇದಕ್ಕೂ ಹಚ್ಚುತ್ತಾರೆ ಎಂದುಕೊಂಡಿದ್ದಳು. ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದಳು. ನೇಸರಾ ಮತ್ತೆ ಚಾಪೆಯ ಮೇಲೆ ಬಾಗಿದಳು. ಆಮೇಲೆ ಅವಳು ನೋವಿನ ಮಾತೆತ್ತಲಿಲ್ಲ.

ಬೇರೆ ಶಾಲೆಗಳಲ್ಲಿ ಪಟ್ಟಿ ಹಂಚಿದ್ದು ರಿಹಾನ್ ಮತ್ತು ಅಲ್ಲಿಯ ಟೀಚರುಗಳು. ಇದು ಬಾಲಕಿಯರ ಶಾಲೆ, ಊರು ಚಿಕ್ಕದು. ಹಾಗಾಗಿ ಇಲ್ಲಿ ಇಂಚರಾಳೇ ಬಂದು, ತಾಯಂದಿರ ಎದುರಿಗೆ ಒಬ್ಬೊಬ್ಬಳ ಸೊಂಟಕ್ಕೂ ಪಟ್ಟಿ ಕಟ್ಟಿ ತೋರಿಸಿದ್ದಳು. ಅಂದು ಯಾರೋ ಅಕ್ಕರೆಯಿಂದಲೇ ಕೇಳಿದ್ದರು, "ನಿಮ್ಮ ಯಜಮಾನ್ರು ಏನ್ ಮಾಡ್ತಾರ್ರೀ?"

"ತೀರಿಕೊಂಡರು," ಎಂದಿದ್ದಳು ಇಂಚರಾ, ಕೊಂಡಿ ಹಾಕುತ್ತಲೇ.

ಮುಂದಿನ ತಾಯಿ ಮಗಳನ್ನು ಮುಂದಕ್ಕೆ ತರಲು ಸ್ವಲ್ಪ ತಡಮಾಡಿದ್ದಳು. ಆದರೆ ತಂದಳು. ಯಾರೂ ಬೇಡವೆನ್ನಲಿಲ್ಲ.

ಗಂಡ ಚಿರಂತ್ ಹೋಗಿ ಆಗ ಒಂದು ವರ್ಷವೂ ಆಗಿರಲಿಲ್ಲ. ಅವಳ ಹಣೆ ಬರಿದಾಗಿದ್ದುದು ಯಾರ ಒತ್ತಾಯದಿಂದಲೂ ಅಲ್ಲ. ಕನ್ನಡಿ ನೋಡುವ ಅಭ್ಯಾಸ ತಪ್ಪಿಹೋಗಿತ್ತು, ಅಷ್ಟೆ. ಅನ್ನದ ರುಚಿ, ಹಾಡಿನ ಇಂಪು, ಹೀಗೆ ಇನ್ನೂ ಕೆಲವು ತಪ್ಪಿಹೋಗಿದ್ದವು. ಕೆಲಸ ಉಳಿದಿತ್ತು. ಕೆಲಸದಲ್ಲಿ ಬಣ್ಣ ಎರಡೇ ಇದ್ದವು.

ಒಂದೊಂದು ಶಾಲೆಗೆ ಒಂದೊಂದು ವ್ಯಾಯಾಮ ಕೊಟ್ಟು ನಡೆಸಿದ ಹೋಲಿಕೆಯ ಫಲ ಸ್ಪಷ್ಟವಾಗಿ ಬಂತು. ನಡಿಗೆಯಿಂದ ನೋವು ಸ್ವಲ್ಪ ಇಳಿದಿತ್ತು, ಸ್ನಾಯು ಗಟ್ಟಿ ಮಾಡುವುದರಿಂದ ಇನ್ನೂ ಸ್ವಲ್ಪ. ಆದರೆ ಮೈ ಸಡಿಲಿಸುವ ವ್ಯಾಯಾಮದ ಶಾಲೆಯಲ್ಲಿ ನೋವು ಇಲ್ಲವೇ ಇಲ್ಲ ಎನ್ನುವಷ್ಟು ಇಳಿದಿತ್ತು. ಅದು ಈ ಶಾಲೆ. ರಾಜಧಾನಿಯಿಂದ ಅಧಿಕಾರಿಗಳು ಬಂದು ಹಾರ ಹಾಕಿದರು. ಬರುವ ಜೂನಿನಿಂದ ಎಲ್ಲ ಶಾಲೆಗೂ ಇದೇ ವ್ಯಾಯಾಮ, ಎಲ್ಲ ಮಕ್ಕಳಿಗೂ ಪಟ್ಟಿ ಎಂದು ಆದೇಶವಾಯಿತು. ಪಟ್ಟಿ ನೀಲಿಯಿದ್ದರೆ ಆಟಕ್ಕಾಗಲಿ ಪಾಠಕ್ಕಾಗಲಿ ವಿನಾಯಿತಿಯಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ನೇಸರಾ ಓಟದ ನಡುವೆ ಕುಸಿದು ಬಿದ್ದಳು.

ಇಂಚರಾ ಆಸ್ಪತ್ರೆ ತಲುಪುವಷ್ಟರಲ್ಲಿ ಶಸ್ತ್ರಚಿಕಿತ್ಸೆ ಮುಗಿದಿತ್ತು. ಡಾಕ್ಟರು ಸರಳವಾಗಿ ಹೇಳಿದರು. ಗರ್ಭಕೋಶದ ಒಳಪದರದಂಥದೇ ಪದರ ಅದರ ಹೊರಗೆ ಬೆಳೆದಿತ್ತು. ಮುಟ್ಟಾದಾಗಲೆಲ್ಲ ಅದೂ ಒಳಗೇ ರಕ್ತ ಸುರಿಸಿ, ಎಡಗಡೆಯ ಅಂಡಾಶಯದಲ್ಲಿ ಗಂಟಾಗಿತ್ತು. ಆ ಗಂಟು ತಿರುಚಿಕೊಂಡಿತು. ಅಂಡಾಶಯ ಉಳಿಸಲಾಗಲಿಲ್ಲ. ಬಲಗಡೆಯೂ ಅಷ್ಟು ಚೆನ್ನಾಗಿಲ್ಲ.

"ಎಷ್ಟೋ ತಿಂಗಳಿಂದ ಮುಟ್ಟಾದಾಗಲೆಲ್ಲ ಬೆನ್ನಲ್ಲಿ ವಿಪರೀತ ನೋವಿರಬೇಕು," ಎಂದರು ಅವರು. "ಯಾರಿಗೂ ಹೇಳಿರಲಿಲ್ವಾ?"

ಇಂಚರಾ ಕೈಯಲ್ಲಿದ್ದ ಪರದೆಯನ್ನು ಆರಿಸಿದಳು.

ಎರಡು ದಿನ ಕಳೆದು ಮತ್ತೆ ಹೋದಳು. ಕಿಟಕಿಯ ಪಕ್ಕದ ಮಂಚದಲ್ಲಿ ನೇಸರಾ ಕಣ್ಣು ಮುಚ್ಚಿ ಮಲಗಿದ್ದಳು. ತಾಯಿ ಸಿಂಚನಾ ಫ್ಲಾಸ್ಕಿನಿಂದ ಗಂಜಿ ಬಗ್ಗಿಸುತ್ತಿದ್ದಳು.

"ಬಿದ್ದ ದಿನ ಪಟ್ಟಿ ಯಾವ ಬಣ್ಣ ಇತ್ತು?" ಎಂದು ಇಂಚರಾ ಕೇಳಿದಳು.

"ಅವತ್ತು ಕಟ್ಟಿರ್ಲಿಲ್ರೀ. ಮುಟ್ಟಾಗಿದ್ಲಲ್ಲ."

"ಅದಕ್ಕೂ ಇದಕ್ಕೂ ಏನು?"

ಇಷ್ಟೂ ತಿಳಿಯದೇ ಎಂಬಂತೆ ಸಿಂಚನಾ ನೋಡಿದಳು. "ದೇವರ ಜಗಲಿ ಮ್ಯಾಲ ಇರೋ ವಸ್ತು ರೀ ಅದು. ಮುಟ್ಟಾದಾಗ ಹೆಂಗ್ ಮುಟ್ಟೋದು? ತಲಿಗೆ ಸ್ನಾನ ಆದ್ಮ್ಯಾಲ ಕಟ್ಕೊಂತಾಳ. ನಮ್ಮ ಓಣ್ಯಾಗ ಎಲ್ಲಾ ಹುಡುಗ್ಯಾರೂ ಹಂಗ ರೀ."

ಇಂಚರಾ ಗೋಡೆಗೆ ಒರಗಿದಳು. ಪಟ್ಟಿ ಬಿಚ್ಚಿಟ್ಟ ದಿನಗಳು ಗಣಕಕ್ಕೆ ಬರಿಯ ಖಾಲಿ ಜಾಗ. ಮಕ್ಕಳು ಮರೆತಿರುತ್ತಾರೆ ಎಂದುಕೊಂಡು, ಖಾಲಿ ಜಾಗವನ್ನು ಹಿಂದುಮುಂದಿನ ದಿನಗಳ ಸರಾಸರಿಯಿಂದ ತುಂಬುವಂತೆ ಅವಳೇ ಬರೆದಿದ್ದಳು. ನೋವಿಲ್ಲದ ದಿನಗಳ ನೀಲಿ ಹರಿದು ಬಂದು ನೋವಿನ ದಿನಗಳನ್ನು ಮುಚ್ಚಿತ್ತು. ಒಬ್ಬಳದಲ್ಲ, ಇಡೀ ಶಾಲೆಯದು. ಗೆದ್ದದ್ದು ವ್ಯಾಯಾಮ ಆಗಿರಲಿಲ್ಲ.

ಬೇರೆ ಶಾಲೆಗಳಲ್ಲೂ ಹುಡುಗಿಯರಿದ್ದರು. ಅಲ್ಲಿ ಹೀಗೆ ಖಾಲಿ ಬಿದ್ದಿರಲಿಲ್ಲ.

"ಅದನ್ನ ದೇವರ ಹತ್ರ ಯಾಕೆ ಇಟ್ರಿ?"

ಸಿಂಚನಾ ಫ್ಲಾಸ್ಕಿನ ಮುಚ್ಚಳವನ್ನು ತಿರುವಿದಳು, ಮತ್ತೆ ತಿರುವಿದಳು. "ಒಳ್ಳೇದಾಗ್ಲಿ ಅಂತ ರೀ."

"ನೀವು ಕಟ್ಟಿದ್ರಲ್ಲ ಮೇಡಂ, ಅದಕ್ಕ," ಎಂದಳು ನೇಸರಾ, ಕಣ್ಣು ತೆರೆಯದೆ. "ಮನಿಗೆ ಹೋದ ಕೂಡ್ಲೇ ಬಿಚ್ಚಿ, ದೇವರ ಮುಂದ ಇಟ್ಟು, ಕುಂಕುಮ ಹಚ್ಚಿ, ಬಾಜೂಮನಿ ಮುತ್ತೈದಿ ಆಂಟಿ ಕೈಲೆ ಕಟ್ಸಿದ್ರು."

"ಸುಮ್ನಿರಲೇ!" ಎಂದಳು ಸಿಂಚನಾ. ಮುಖ ಕೆಂಪಾಯಿತು. ಆಮೇಲೆ ದನಿ ಒಡೆಯಿತು. "ನಿಮ್ಮ ಮ್ಯಾಲ ಏನೂ ಇಲ್ರೀ ಮೇಡಂ. ನೀವು ಭಾಳ ಛಲೋರು. ಹೆಣ್ಮಗಳು ನೋಡ್ರಿ... ಹೆದರ್ಕಿ ಅಷ್ಟ."

ಒಂದೊಂದು ಕೊಂಡಿಯಿಂದಲೂ ಒರೆಸಿ ತೆಗೆದ ಬೊಟ್ಟುಗಳು ಇಂಚರಾಳಿಗೆ ನೆನಪಾದವು. ಕೆಂಪಾದ ಹತ್ತಿಯ ಉಂಡೆಗಳನ್ನು ಪ್ರತಿ ಸಲವೂ ಎಣಿಸದೆ ಬುಟ್ಟಿಗೆ ಹಾಕಿದ್ದಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಹಳ ದಿನಗಳ ಮೇಲೆ ಎದೆಯಲ್ಲಿ ಏನೋ ನೋಯಿತು. ಅದಕ್ಕೆ ಯಾವ ಪಟ್ಟಿಯೂ ಇರಲಿಲ್ಲ.

"ನಿಮಗಾದ್ರೂ ಒಂದು ಹೆದರಿಕೆ ಇತ್ತು," ಎಂದಳು ಮೆಲ್ಲಗೆ. "ನನಗೆ ಇವಳು ಬಾಯಿಬಿಟ್ಟು ಹೇಳಿದ್ಲು. ನಾನು ಪರದೆ ನೋಡ್ದೆ."

ಸಿಂಚನಾ ಸೆರಗಿನಿಂದ ಮೂಗೊರೆಸಿಕೊಂಡಳು. "ನಂಗೂ ಹೇಳ್ತಿದ್ಲು ರೀ. ನೀಲಿ ಐತಲ್ಲೇ, ಏನಾಗೈತಿ ನಿಂಗ ಅಂತಿದ್ದೆ."

ಹೊರಗೆ ಮೊಗಸಾಲೆಯಲ್ಲಿ ರಿಹಾನ್ ಕಾಯುತ್ತಿದ್ದ. ಲೆಕ್ಕ ತಪ್ಪಾಗಿದೆ, ಆದೇಶ ನಿಲ್ಲಿಸಬೇಕೆಂದು ಇಂದೇ ಬರೆಯುತ್ತೇನೆ ಎಂದಳು ಇಂಚರಾ.

"ಬರೀರಿ. ಆದ್ರ ನಿಲ್ಲಸ್ತಾರಂತೀರಾ?" ಎಂದ ಅವನು, ಎಂದಿನ ತಮಾಷೆಯಿಲ್ಲದೆ. "ಪಟ್ಟಿ ಆಗ್ಲೇ ಲಾರ್‍ಯಾಗ ಬಂದಿಳಿದಾವ. ಮಾಸ್ತರ ಮಂದಿಗೆ ಭಾಳ ಹಿಡಿಸೈತಿ ಮೇಡಂ. ಯಾರನ್ನೂ ಏನೂ ಕೇಳಂಗಿಲ್ಲ ನೋಡ್ರಿ."

ಅವಳು ಮತ್ತೆ ಒಳಗೆ ಹೋದಳು. ಸಿಂಚನಾ ಲೋಟ ತೊಳೆಯಲು ನಲ್ಲಿಯ ಕಡೆ ಹೋಗಿದ್ದಳು. ಹುಡುಗಿ ಕಣ್ಣು ಬಿಟ್ಟಿದ್ದಳು. ತುಟಿ ಒಣಗಿತ್ತು.

"ನೋವಿದೆಯಾ ಪುಟ್ಟಿ?"

ನೇಸರಾಳ ಕೈ ಹೊದಿಕೆಯೊಳಗೆ ಸೊಂಟದ ಕಡೆ ಸರಿಯಿತು, ತಡಕಾಡಿತು. ಅಲ್ಲಿ ಬ್ಯಾಂಡೇಜು ಮಾತ್ರ ಇತ್ತು.

"ಗೊತ್ತಿಲ್ಲ ಮೇಡಂ," ಎಂದಳು. "ಪಟ್ಟಿ ಇಲ್ಲಲ್ಲ."

ಇಂಚರಾ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕುಳಿತಳು. ಹಿಡಿಯಲೋ ಬೇಡವೋ ಎಂದು ತನ್ನ ಕೈಯನ್ನೊಮ್ಮೆ ನೋಡಿಕೊಂಡು, ಹುಡುಗಿಯ ಕೈ ಹಿಡಿದಳು. "ಪಟ್ಟಿ ಬೇಡ. ನೀನೇ ಹೇಳು. ನಾನು ಇಲ್ಲೇ ಇರ್ತೀನಿ."

ನೇಸರಾ ಕಿಟಕಿಯ ಕಡೆ ನೋಡಿದಳು. ಹೊರಗೆ ಯಾವುದೋ ಶಾಲೆ ಬಿಟ್ಟಿತ್ತು. ಮಕ್ಕಳ ಗದ್ದಲ ಹತ್ತಿರ ಬಂದು, ದಾಟಿ ಹೋಯಿತು.

"ಹೇಳಿದ್ರ ನಂಬ್ತೀರಾ?" ಎಂದು ಕೇಳಿದಳು.