ಸಂಕದಾಚೆ ಮಲಗಿದ ಲಾರಿ

2025ರ ಜನವರಿ 21, ಮಂಗಳವಾರ. ಸಂಜೆ 4.10ಕ್ಕೆ ಬೆಳಕೆಯ ಚೌಡಮ್ಮ ತಾಲೂಕು ಆಸ್ಪತ್ರೆಯಿಂದ ನಡೆದೇ ಭಟ್ಕಳದ ಠಾಣೆಗೆ ಬಂದಳು. ಸೆರಗಿನ ತುಂಬ ಕೆಂಪು. ಬಾಗಿಲಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಲಿಂಗಪ್ಪ ರಕ್ತ ಎಂದುಕೊಂಡು ಕುರ್ಚಿ ತರಲು ಓಡಿದ. ರಕ್ತ ಅಲ್ಲ, ಹರಿವೆ ಸೊಪ್ಪಿನ ಬಣ್ಣ. ಗಂಡ ಶುಕ್ರನ ಸೈಕಲ್ಲಿನ ಮೇಲಿದ್ದ ಎರಡು ಹೊರೆ ಹರಿವೆ ಹೆದ್ದಾರಿಯ ಮೇಲೆ ಅರೆದುಹೋಗಿತ್ತು. ಜೊತೆಗೆ ಶುಕ್ರನೂ ಹೋಗಿದ್ದ.

ಸಬ್ ಇನ್‌ಸ್ಪೆಕ್ಟರ್ ವಿಶ್ವನಾಥ ಅವಳನ್ನು ಕೂರಿಸಿ, ನೀರು ಕೊಟ್ಟು, ಕೇಳಿ ಬರೆದುಕೊಂಡ. ಮಧ್ಯಾಹ್ನ 1.50ರ ಹೊತ್ತು. ಶುಕ್ರ ಸೈಕಲ್ ತಳ್ಳಿಕೊಂಡು ಮುಂದೆ, ಇವಳು ಹತ್ತು ಹೆಜ್ಜೆ ಹಿಂದೆ. ದಕ್ಷಿಣದಿಂದ ಒಂದು ಬಿಳಿ ಪೆಟ್ಟಿಗೆ ಲಾರಿ ಬಂತು. ಹಾರ್ನಿಲ್ಲ, ಬ್ರೇಕಿಲ್ಲ. ಎಮ್ಮೆ ಕೊಟ್ಟಿಗೆಗೆ ತಿರುಗುವ ಹಾಗೆ ನಿಧಾನಕ್ಕೆ ಬಿಳಿ ಗೆರೆ ದಾಟಿ ಶುಕ್ರನ ಮೇಲೆ ಹೋಯಿತು. ಆಮೇಲೆ ತಾನೇ ನೆಟ್ಟಗಾಗಿ ಹೊನ್ನಾವರದ ದಿಕ್ಕಿಗೆ ಹೊರಟಿತು. ನಂಬರು ಓದಲು ಅವಳಿಗೆ ಅಕ್ಷರ ಬಾರದು. ಹಿಂದಿನ ಬಾಗಿಲ ಮೇಲೆ ಎರಡು ಕಣ್ಣು ಬರೆದಿತ್ತು. ಒಂದರ ಬಣ್ಣ ಹೋಗಿತ್ತು. ಡ್ರೈವರನ ಮುಖವನ್ನು ಮಾತ್ರ ಅವಳು ಸರಿಯಾಗಿ ಕಂಡಿದ್ದಳು.

"ಕುಡಿದಿದ್ದನಾ?" ವಿಶ್ವನಾಥ ಕೇಳಿದ.

"ಅದೆಂತದೋ ಗೊತ್ತಿಲ್ಲ ಒಡ್ಯಾ. ಕಣ್ಣು ಬಿಟ್ಟೇ ಇತ್ತು, ನನ್ನ ಮೇಲೇ ಇತ್ತು. ಆದ್ರೆ ಒಳಗೆ ಯಾರೂ ಇರ್ಲಿಲ್ಲ."

ವಿಶ್ವನಾಥನ ಪೆನ್ನು ಅಲ್ಲಿಗೆ ನಿಂತಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಎಂತೆಂಥ ಹೇಳಿಕೆ ಬರೆದಿದ್ದಾನೆ, ಇಂಥದನ್ನು ಯಾವ ಕಲಮಿನಲ್ಲಿ ತುಂಬುವುದು? ಕೊನೆಗೆ "ಚಾಲಕನು ಅಜಾಗರೂಕತೆಯಿಂದ" ಎಂದು ಬರೆದು, ನ್ಯಾಯ ಸಂಹಿತೆಯ 281, 106(1) ಮತ್ತು ಮೋಟಾರು ವಾಹನ ಕಾಯ್ದೆಯ 134, 187ರಡಿ ಎಫ್‌ಐಆರ್ ದಾಖಲಿಸಿದ. ಚೌಡಮ್ಮ ಹೆಬ್ಬೆಟ್ಟು ಒತ್ತಿದಳು. ಹೆಬ್ಬೆಟ್ಟೂ ಕೆಂಪಗೇ ಇತ್ತು.

ಮರುದಿನ ಸ್ಥಳ ಪಂಚನಾಮೆ ಆಯಿತು. ಡಾಂಬರಿನ ಮೇಲೆ ಬ್ರೇಕ್ ಹಾಕಿದ ಒಂದು ಗೀರೂ ಇರಲಿಲ್ಲ. ಮುಂದಿನ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ 1.54ಕ್ಕೆ ಬಿಳಿ ಲಾರಿಯೊಂದು ಸಿಕ್ಕಿತು. ನಂಬರು ಪ್ಲೇಟಿಗೆ ಕೆಸರು ಮೆತ್ತಿತ್ತು. ಬಾಗಿಲ ಮೇಲೆ ಒಂದು ಕಣ್ಣು ತೆರೆದಿತ್ತು, ಇನ್ನೊಂದು ಇರಲಿಲ್ಲ. ಹೆದ್ದಾರಿಯ ಡಾಬಾಗಳಲ್ಲಿ ಆ ಫೋಟೋ ತೋರಿಸುತ್ತ ಹೋದ ಲಿಂಗಪ್ಪ ಮೂರನೇ ದಿನ ಲಾರಿಯ ಗುರುತು ಹಿಡಿದು ಬಂದ. ಮುಂಬಯಿಗೆ ಮೀನು ಸಾಗಿಸುವ ಕಂಪನಿಯೊಂದರ ಶೀತಲ ಲಾರಿ ಅದು. ಡ್ರೈವರ್ ಉದಯ, ಕಾಯ್ಕಿಣಿಯವನು.

ಕಂಪನಿಯ ಮ್ಯಾನೇಜರ್ ಶಿಶಿರ ಫೋನಿನಲ್ಲಿ ಬಲು ಮರ್ಯಾದೆಯಿಂದ ಮಾತಾಡಿದ. ಡ್ರೈವರಿಗೆ ದಿನಕ್ಕೆ ಎಂಟು ಗಂಟೆಯ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು, ಕಾನೂನು ಹೇಳಿದ್ದನ್ನು ತಾವು ಚಾಚೂ ತಪ್ಪದೆ ಪಾಲಿಸುತ್ತೇವೆ ಎಂದ. (ಪೊಲೀಸರ ಪಾಲಿಗೆ ಅಂಥ ಕಾನೂನು ಇನ್ನೂ ಹುಟ್ಟಿಲ್ಲ ಬಿಡಿ.) ದೂರದ ಓಟ ಮುಗಿಸಿದ ಲಾರಿ ಎಂಟು ಗಂಟೆ ಅಲುಗದೆ ನಿಂತದ್ದು ಜಿಪಿಎಸ್ಸಿನಲ್ಲಿ ಕಾಣದಿದ್ದರೆ ಮುಂದಿನ ಲೋಡೇ ಕೊಡುವುದಿಲ್ಲವಂತೆ. 21ರ ದಾಖಲೆಯನ್ನೂ ಕಳಿಸಿದ. ಬೆಳಿಗ್ಗೆ 9.20ರಿಂದ ಸಂಜೆ 5.20ರ ತನಕ ಲಾರಿ ಹಳದೀಪುರದಲ್ಲಿ ನಿಂತಿದೆ. ಜೊತೆಗೆ ವಿಶ್ರಾಂತಿ ಪಡೆದ ಚೀಟಿ, ಅದಕ್ಕೊಂದು ಸಹಿ. ಕುಮಟಾ ಕಡೆಯ ಟೋಲನ್ನು ಲಾರಿ ಬೆಳಿಗ್ಗೆ ದಾಟಿದ್ದು ನಿಜ, ದಕ್ಷಿಣದ ಟೋಲಿಗೆ ಅದು ಬಂದೇ ಇಲ್ಲ. ಬೆಳಕೆಯಲ್ಲಿ ಶುಕ್ರ ಸಾಯುವಾಗ ಲಾರಿ ಐವತ್ತು ಕಿಲೋಮೀಟರ್ ಆಚೆ ನಿದ್ದೆಯಲ್ಲಿತ್ತು.

ಸರ್ಕಲ್ ಇನ್‌ಸ್ಪೆಕ್ಟರ್ ಕೃಷ್ಣಾನಂದರು ಕಡತ ಮಡಚಿಟ್ಟರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ, ಆ ಹೆಂಗಸು ದುಃಖದಲ್ಲಿ ಏನನ್ನು ಕಂಡಳೋ, ಬಣ್ಣ ಹೋದ ಕಣ್ಣಿನ ಲಾರಿ ಹೆದ್ದಾರಿಯಲ್ಲಿ ಎಷ್ಟಿಲ್ಲ, ಇನ್ನೊಂದು ವಾರ ನೋಡಿ 'ಸಿ' ರಿಪೋರ್ಟು ಹಾಕಿ ಎಂದರು. ಪತ್ತೆಯಾಗದ ಪ್ರಕರಣ ಅಂತ ಮುಗಿಸಿಬಿಡುವ ದಾರಿ ಅದು.

ಚೌಡಮ್ಮ ದಿನಾ ಬಂದು ಠಾಣೆಯ ಜಗಲಿಯಲ್ಲಿ ಕೂರತೊಡಗಿದಳು. ಅಳುವುದಿಲ್ಲ, ಕೇಳುವುದಿಲ್ಲ. ಅವಳು ಕಂಡದ್ದು ಲಾರಿಯೇ ಅಲ್ಲ, ಅದೆಂಥದೋ ಮಾಯೆ ಎಂದು ಕೇರಿಯಲ್ಲಿ ಮಾತು ಹುಟ್ಟಿತ್ತು. ಹೊತ್ತಲ್ಲದ ಹೊತ್ತಲ್ಲಿ ಹೆದ್ದಾರಿ ದಾಟಿದರೆ ಹೀಗೇ ಆಗುವುದು ಅಂತ ಅವಳ ಮೈದುನನೇ ಹೇಳಿದ್ದ. ಗಂಡ ಸತ್ತದ್ದೊಂದು ಕಡೆ, ತಾನು ಕಂಡದ್ದೂ ಸುಳ್ಳು ಅನ್ನಿಸಿಕೊಂಡು ಬದುಕಬೇಕಲ್ಲ!

ಜನವರಿ 30, ಬೆಳಿಗ್ಗೆ 11.15. 'ಸಿ' ರಿಪೋರ್ಟಿನ ಕಾಗದ ಮೇಜಿನ ಮೇಲಿತ್ತು. ಸಹಿ ಹಾಕುವ ಮುನ್ನ ಲಾರಿಯನ್ನೊಮ್ಮೆ ಕಣ್ಣಾರೆ ನೋಡಿಬಿಡೋಣ ಎನ್ನಿಸಿ ವಿಶ್ವನಾಥ ಶಿಶಿರನಿಗೆ ಫೋನು ಮಾಡಿದ. ಈಗ ಎಲ್ಲಿದೆ ಆ ಗಾಡಿ?

"ಹಳದೀಪುರದಲ್ಲೇ ಸರ್. 9.35ರಿಂದ ಮಲಗಿದೆ."

ಅದು ನಿಂತ ಜಾಗದ ಗುರುತನ್ನು ಮೊಬೈಲಿಗೆ ತರಿಸಿಕೊಂಡು ಅವನೂ ಲಿಂಗಪ್ಪನೂ ಜೀಪು ಹತ್ತಿದರು. 12.40ಕ್ಕೆ ಹಳದೀಪುರ. ಹೆದ್ದಾರಿಯ ಪಕ್ಕದಲ್ಲಿ ಒಂದು ಚಹಾದಂಗಡಿ, ಬಾಗಿಲು ಎಳೆದಿತ್ತು. ಲಾರಿ ಎಲ್ಲೂ ಕಾಣಲಿಲ್ಲ. ಮೊಬೈಲಿನ ನೀಲಿ ಚುಕ್ಕೆ ಅಂಗಡಿಯ ಹಿಂದಕ್ಕೆ, ತೆಂಗಿನ ತೋಟದ ಒಳಕ್ಕೆ ಕರೆಯಿತು. ಕಾಲುದಾರಿ. ಎರಡೂ ಕಡೆ ಬೇಲಿ, ಒಬ್ಬ ನಡೆದರೆ ಇನ್ನೊಬ್ಬ ಹಿಂದೆ ನಿಲ್ಲಬೇಕು. ಮಟಮಟ ಮಧ್ಯಾಹ್ನ, ಒಂದು ಕಾಗೆಯ ಕೂಗೂ ಇಲ್ಲ. ಮುಂದೆ ಉಪ್ಪುನೀರಿನ ಕಾಲುವೆ, ಅದರ ಮೇಲೆ ಒಂಟಿ ತೆಂಗಿನ ಮರ ಅಡ್ಡ ಹಾಕಿದ ಸಂಕ. ಚುಕ್ಕೆ ಇನ್ನೂ ನಲವತ್ತು ಹೆಜ್ಜೆ ಆಚೆಗೆ ತೋರಿಸುತ್ತಿತ್ತು.

ಲಿಂಗಪ್ಪ ಸಂಕವನ್ನು ನೋಡಿದ, ಮೊಬೈಲನ್ನು ನೋಡಿದ. "ಸಾಹೇಬ್ರೆ, ಹನ್ನೆರಡು ಟನ್ನಿನ ಗಾಡಿ ಇದನ್ನ ಹ್ಯಾಂಗೆ ದಾಟ್ತು?"

ಬಿಸಿಲಲ್ಲೂ ವಿಶ್ವನಾಥನ ತೋಳಿನ ಕೂದಲು ನಿಮಿರಿತ್ತು. ಬೂಟು ಕಳಚಿ ಕೈಯಲ್ಲಿ ಹಿಡಿದು ಸಂಕ ದಾಟಿದ.

ಸಣ್ಣ ಹೆಂಚಿನ ಮನೆ. ಹೊಸ್ತಿಲಲ್ಲಿ ಐವತ್ತರ ಹೆಂಗಸೊಬ್ಬಳು ಅಕ್ಕಿ ಆರಿಸುತ್ತ ಕೂತಿದ್ದಳು. ಹೆದ್ದಾರಿಯ ಚಹಾದಂಗಡಿ ಅವಳದೇ, ಹೆಸರು ಬಂಗಾರಿ. ಖಾಕಿ ಕಂಡು ಗಾಬರಿಯಾಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಗೆ ಬನ್ನಿ. ಮಲಗಿದ್ದಾರೆ."

ಒಳಕೋಣೆಯ ಕಿಟಕಿಗೆ ಗೋಣಿ ಕಟ್ಟಿ ಕತ್ತಲು ಮಾಡಿತ್ತು. ಮಂಚ, ಸೊಳ್ಳೆಪರದೆ, ಒಗೆದ ದುಪ್ಪಟಿ. ದುಪ್ಪಟಿಯ ಒಳಗಿಂದ ಹಸಿರು ಬೆಳಕು ಹತ್ತಿ ಆರುತ್ತಿತ್ತು, ಉಸಿರು ಬಿಟ್ಟು ಎಳೆದುಕೊಂಡಷ್ಟೇ ನಿಧಾನವಾಗಿ. ವಿಶ್ವನಾಥ ಪರದೆ ಎತ್ತಿ ದುಪ್ಪಟಿ ಸರಿಸಿದ. ಒಂದೇ ದಿಂಬಿನ ಮೇಲೆ ಸಾಲಾಗಿ ಮೂರು ಕರಿಯ ಡಬ್ಬಿ. ಲಾರಿಗಳಿಂದ ಬಿಚ್ಚಿ ತಂದ ಜಿಪಿಎಸ್. ಅವುಗಳ ವೈರು ಮಂಚದ ಕೆಳಗಿನ ಹಳೇ ಲಾರಿ ಬ್ಯಾಟರಿಗೆ ಹೋಗಿತ್ತು. ನಡುವಿನ ಡಬ್ಬಿಯ ನಂಬರು ಉದಯನ ಲಾರಿಯದು.

ಮಧ್ಯಾಹ್ನ 1.30ಕ್ಕೆ ತೆಂಗಿನಕಾಯಿ ಕೀಳುವ ಕುಪ್ಪನನ್ನೂ ಪಕ್ಕದ ಮನೆಯ ಅರುಣನನ್ನೂ ಪಂಚರಾಗಿ ಕರೆಸಿ ಪಂಚನಾಮೆ ಬರೆಸಿದರು. ಡಬ್ಬಿಗಳನ್ನು ಮಾತ್ರ ಇದ್ದಲ್ಲೇ ಬಿಟ್ಟರು. ಲೋಡು ಬೆಳಕೆಯ ಆಚೆಯ ಮೀನಿನ ಶೆಡ್ಡಿನಿಂದ ಬರುತ್ತದೆ, ಕಾಗದದಲ್ಲಿ ಅದನ್ನು ಸಣ್ಣ ಗಾಡಿಗಳು ಹಳದೀಪುರಕ್ಕೆ ತಂದು ತುಂಬುತ್ತವೆ. ಅಸಲಿಗೆ ಡ್ರೈವರೇ ಡಬ್ಬಿ ಇಲ್ಲಿ ಮಲಗಿಸಿ, ತಾನು ಹೋಗಿ ತುಂಬಿಕೊಂಡು ಬರುತ್ತಾನೆ. ಸಂಜೆ ಆರಕ್ಕೆ ಮುಂಬಯಿಯ ದಾರಿ ಹಿಡಿಯದಿದ್ದರೆ ಮೀನು ಕೆಡುತ್ತದೆ. ಎಂಟು ಗಂಟೆ ಮಲಗದಿದ್ದರೆ ಲೋಡು ಇಲ್ಲ. ಎರಡನ್ನೂ ಒಬ್ಬ ಮನುಷ್ಯ ಮಾಡಲಾರ ಎಂಬುದು ಕಂಪನಿಯಲ್ಲಿ ಯಾರಿಗೂ ಹೊಳೆಯದ್ದೇನಲ್ಲ. ಕೇಳದಿದ್ದರೆ ತಮ್ಮ ಕೈ ಚೊಕ್ಕ, ಅಷ್ಟೇ. ಇದನ್ನೆಲ್ಲ ಬಂಗಾರಿ ಅಕ್ಕಿ ಆರಿಸುತ್ತಲೇ ಹೇಳಿದಳು. ಚೀಟಿಗೆ ಸಹಿ ಹಾಕುವವಳೂ ತಾನೇ ಎಂದಳು.

ವಿಶ್ವನಾಥ, ಲಿಂಗಪ್ಪ ಬಾಗಿಲ ಹಿಂದೆ ಕಾದರು. ವಿಶ್ವನಾಥ ಎರಡು ದಿನದಿಂದ ನೆಟ್ಟಗೆ ಮಲಗಿರಲಿಲ್ಲ. ಆ ಹಸಿರು ಬೆಳಕು ನೋಡುತ್ತ ನೋಡುತ್ತ ರೆಪ್ಪೆ ಇಳಿಯತೊಡಗಿತು. ತಾನು ಈ ಕೋಣೆಯಲ್ಲಿ ಕೂತಿದ್ದೇನೋ, ಆ ದಿಂಬಿನ ಮೇಲೆ ಮಲಗಿದ್ದೇನೋ ಎಂದು ಒಂದು ಗಳಿಗೆ ಗೊತ್ತಾಗದೆ ಅವನು ಹೆದರಿ ಎದ್ದು ನಿಂತ.

5.25ಕ್ಕೆ ಸಂಕದ ಮೇಲೆ ಹೆಜ್ಜೆ ಸದ್ದಾಯಿತು. ಮೂವತ್ತೈದರ ಉದಯ ಚಪ್ಪಲಿ ಬಿಟ್ಟು ಒಳಗೆ ಬಂದ. ಯಾರನ್ನೂ ನೋಡಲಿಲ್ಲ, ಕಣ್ಣು ಬಿಟ್ಟೇ ಇತ್ತು. ಮಂಚದ ತುದಿಯಲ್ಲಿ ಕೂತು ದುಪ್ಪಟಿಯ ಮೇಲೆ ಮೆಲ್ಲಗೆ ತಟ್ಟಿದ.

"ಏಳಾ, ಹೊತ್ತಾತು." ಆಮೇಲೆ ಬಂಗಾರಿಯ ಕಡೆ ತಿರುಗಿದ. "ನಾ ಲಾಯ್ಕಾಗಿ ಮಲಗಿದ್ನಾ ಅಕ್ಕಾ?"

ಅವಳು ದಿನಾ "ಹ್ಞೂಂ" ಅನ್ನುತ್ತಿದ್ದಳಂತೆ. ಇವತ್ತು ಮುಖ ಮುಚ್ಚಿಕೊಂಡಳು. ವಿಶ್ವನಾಥ ಮುಂದೆ ಬಂದು ಅವನ ಭುಜದ ಮೇಲೆ ಕೈಯಿಟ್ಟ. 5.30ಕ್ಕೆ ದಸ್ತಗಿರಿ.

ಹೆದ್ದಾರಿಯಲ್ಲಿ ನಿಂತಿದ್ದ ಲಾರಿಯನ್ನು ಪಂಚರೆದುರು ಜಪ್ತಿ ಮಾಡಿದರು. ಮುಂದಿನ ಬಂಪರಿನ ಸಂದಿಯಲ್ಲಿ ಸೈಕಲ್ಲಿನ ಮುರಿದ ಬೆಲ್ಲು, ಒಣಗಿ ಕಪ್ಪಾದ ಒಂದು ಎಲೆ. ಉದಯ ಯಾರನ್ನೂ ಗುದ್ದಿದ ನೆನಪಿಲ್ಲ ಎಂದ. ಅದು ಸುಳ್ಳಲ್ಲ ಎಂದು ವಿಶ್ವನಾಥನಿಗೆ ಕೇಳುವಾಗಲೇ ಗೊತ್ತಾಯಿತು. ಆ ಮಂಗಳವಾರ ತಾನು ಮಲಗಿದ್ದೆ, ಬಂಗಾರಕ್ಕನ ಮನೆಯಲ್ಲೇ ಮಲಗಿದ್ದೆ, ಒಂದು ಕನಸೂ ಬಿದ್ದಿತ್ತು ಎಂದು ಅವನು ಹೇಳುತ್ತ ಹೋದ.

"ಎಂತ ಕನಸು?"

"ಕೆಂಪು ಹರಿವೆ ಗದ್ದೆ ಸರ್. ಅದರೊಳಗೆ ಒಂದು ಹೆಂಗಸು ನಿಂತು ನನ್ನ ನೋಡ್ತಾ ಇತ್ತು."

ಹರಿವೆಯ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಲಿಂಗಪ್ಪ ಬರೆಯುವುದು ಬಿಟ್ಟು ಸಾಹೇಬರ ಮುಖ ನೋಡಿದ.

ಬಂಗಾರಿಯ ಮೇಲೂ ಸುಳ್ಳು ದಾಖಲೆಯ ಕಲಂ ಬಿತ್ತು. ಒಂದು ಪೈಸೆ ಯಾರ ಕೈಯಿಂದಲೂ ಮುಟ್ಟಿಲ್ಲ ಎಂದಳು. ವಿಚಾರಿಸಿದರೆ ಅದೂ ನಿಜ. ಹಾಗಾದರೆ ಯಾಕೆ ಎಂದು ಕೇಳಿದ್ದಕ್ಕೆ ಗಂಡ ಜಟ್ಟಿಯ ಕತೆ ಹೇಳಿದಳು. ಅವನೂ ಲಾರಿ ಡ್ರೈವರು. ಹನ್ನೊಂದು ವರ್ಷದ ಹಿಂದೆ ಕುಮಟಾದಿಂದ ಫೋನು ಮಾಡಿ, ಕಣ್ಣು ಎಳೀತದೆ, ಇಲ್ಲೇ ಒಂದು ತಾಸು ಬಿದ್ದುಕೊಳ್ತೆ ಅಂದಿದ್ದ. ಅರ್ಧ ಗಂಟೆ ದಾರಿಗೆ ಅಲ್ಲೆಂತ ಮಲಗೂದು, ಮನೆಗೇ ಬನ್ನಿ, ಹಾಸಿಗೆ ಹಾಸಿಟ್ಟಿದ್ದೆ ಅಂದಳು ಇವಳು. ಬಂದದ್ದು ಅವನ ಹೆಣ. ಹಾಸಿದ ಹಾಸಿಗೆ ಹಾಗೇ ಉಳಿಯಿತು. ವರ್ಷಗಳ ಮೇಲೆ ಉದಯ ಒಂದು ದಿನ ಈ ಡಬ್ಬಿ ಇಟ್ಟುಕೋ ಅಕ್ಕಾ ಅಂದಾಗ, ಇಡಲು ಅವಳಿಗೆ ತೋಚಿದ್ದು ಅದೊಂದೇ ಜಾಗ.

"ಈ ಹುಡುಗರ ಪಾಲಿನ ನಿದ್ದೆ ಇಲ್ಲಿ ಮಾಡಿಸಿದ್ರೆ ಅವರಿಗೆ ಮುಟ್ತದೆ ಅಂದ್ಕಂಡಿದ್ದೆ ಸಾಹೇಬ್ರೆ. ಮುಟ್ಲಿಲ್ಲ."

ಫೆಬ್ರವರಿ 12, ಬುಧವಾರ, ಬೆಳಿಗ್ಗೆ 10.45. ಉಪ ಕಾರಾಗೃಹದಲ್ಲಿ ತಹಶೀಲ್ದಾರರ ಎದುರು ಗುರುತು ಪರೇಡು. ಪೊಲೀಸರು ಒಳಗೆ ಹೋಗುವಂತಿಲ್ಲ. ವಿಶ್ವನಾಥ ಗೇಟಿನ ಹೊರಗೆ ಬಿಸಿಲಲ್ಲಿ ನಿಂತ. ಆ ಡ್ರೈವರು ಬಂದವನೇ ಎರಡು ದಿನ ಹೆಣದ ಹಾಗೆ ಮಲಗಿದ್ದ, ಊಟಕ್ಕೂ ಏಳಲಿಲ್ಲ, ಈಗ ಪರವಾಗಿಲ್ಲ ಎಂದು ಜೈಲಿನ ಗಾರ್ಡು ಹೇಳಿದ. ಒಳಗೆ ನಡೆದದ್ದನ್ನು ಆಮೇಲೆ ತಹಶೀಲ್ದಾರರೇ ಹೇಳಿದರು. ಒಂದೇ ವಯಸ್ಸಿನ, ಒಂದೇ ಮೈಕಟ್ಟಿನ ಎಂಟು ಮಂದಿ ಸಾಲಾಗಿ ನಿಂತಿದ್ದರು. ಚೌಡಮ್ಮ ಒಬ್ಬೊಬ್ಬರ ಕಣ್ಣನ್ನೇ ನೋಡುತ್ತ ನಡೆದಳು. ಆರನೆಯವನ ಎದುರು ನಿಂತಳು. ಅವನೂ ಅವಳನ್ನು ನೋಡಿದ. ಕೈ ಮುಗಿಯಲು ಹೋಗಿ ಮುಗಿಯಲಾರದೆ ಅಲ್ಲೇ ಕುಸಿದು ಕೂತ.

"ಇವನೇ ಒಡ್ಯಾ," ಅಂದಳು ಚೌಡಮ್ಮ. "ಅವತ್ತು ಒಳಗೆ ಇರ್ಲಿಲ್ಲ. ಇವತ್ತು ಇದ್ದಾನೆ."

ಇದನ್ನು ಹೇಗೆ ಬರೆಯಲಿ ಎಂದು ಗುಮಾಸ್ತ ಕೇಳಿದನಂತೆ. ಅವಳು ಹೇಳಿದ ಹಾಗೇ ಬರೆ ಎಂದರು ತಹಶೀಲ್ದಾರರು. ಬರೆದ ಮೇಲೆ ಓದಿ ಹೇಳಿದರು. ಚೌಡಮ್ಮ ಸರಿ ಎಂದು ಹೆಬ್ಬೆಟ್ಟು ಒತ್ತಿ, ಹೊರಗೆ ಬಂದು, ಬೆಳಕೆಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಶ್ವನಾಥನನ್ನು ಕೇಳಿದಳು.