ಫಿಯಾಟಿನ ತಳಕ್ಕೆ ಹಾಸಿದ ಚಾದರ

ಉಜ್ವಲಾಳ ಎಡಗಾಲಿನ ಪಕ್ಕದಲ್ಲಿ ಕಾರಿನ ರಬ್ಬರ್ ಮ್ಯಾಟು ಇಲಿ ಹೊಕ್ಕಂತೆ ಉಬ್ಬಿತು!

ಅವಳು ಗಾಬರಿಯಾಗಿ ಕೆಳಗಿಳಿದಳು. ಸ್ಕ್ರೂಡ್ರೈವರ್ ಹಿಡಿದ ತರುಣನೊಬ್ಬ ಫಿಯಾಟಿನ ಅಡಿಯಿಂದ ತೆವಳಿ ಹೊರಬಂದ. ಅಕ್ಕಲಕೋಟದ ಈ ಗ್ಯಾರೇಜಿನ ಮಾಲೀಕ, ಕಾಂತೇಶ.

"ಗಾಡಿಗಿ ತೂತು ಹಾಕಿದ್ರೇನ್ರಿ?"

"ತೂತು ಮೊದಲ ಇತ್ರಿ. ನಾ ಬರೇ ಹುಡುಕೀನಿ."

ರಸ್ತೆಯ ಸದ್ದು ತಡೆಯಲು ತಳಕ್ಕೆ ಕರಿಬಣ್ಣ ಬಳಿಸಲೆಂದು ಅವಳು ಬಂದಿದ್ದಳು. ಅವಳ ಅಪ್ಪ ಸಾತಲಿಂಗಪ್ಪ ಸೋಲಾಪುರದ ಚಾದರ ವ್ಯಾಪಾರಿ. ಈ ಸದ್ದು ನಿಲ್ಲದಿದ್ದರೆ ಭಾನುವಾರ ಪುಣೆಯ ಗಿರಾಕಿಗೆ ಗಾಡಿ ಮಾರಿಬಿಡುತ್ತೇನೆ ಎಂದಿದ್ದರು. ಅವಳು ಡ್ರೈವಿಂಗ್ ಕಲಿತ ಗಾಡಿ ಅದು...

ತುಕ್ಕಿನ ಮೇಲೆ ಬಣ್ಣ ಬಳಿದರೆ ಒಳಗೊಳಗೇ ಕೊಳೆಯುತ್ತದೆ, ನಾಲ್ಕು ದಿನ ಬೇಕು ಎಂದ ಕಾಂತೇಶ. ಕೆಲಸ ಹೆಚ್ಚಿಸುವ ಉಪಾಯ ಎಂದುಕೊಂಡಳು ಉಜ್ವಲಾ. ಸೋಲಾಪುರದಲ್ಲಿ ಸಂಜೆಯೊಳಗೆ ಬಳಿದುಕೊಡುವವರಿದ್ದಾರೆ ಎಂದು ಹೇಳಿ ಹೊರಟೇಬಿಟ್ಟಳು.

ಊರು ದಾಟಿದ ಮೇಲೆ ತಡೆಯಲಾಗಲಿಲ್ಲ. ಅಷ್ಟಕ್ಕೂ ಒಳಗೆ ಏನಿದೆ?

ಬೇವಿನ ನೆರಳಲ್ಲಿ ನಿಲ್ಲಿಸಿ ಮ್ಯಾಟು ಎತ್ತಿದಳು. ಕೆಳಗೆ ಮೂರು ಪದರ ಚಾದರ! ಸದ್ದು ಕೇಳದಿರಲೆಂದು ಅಪ್ಪನೇ ಅಂಗಡಿಯಿಂದ ತಂದು ಹಾಸಿದ್ದು. ಒಂದು ತುದಿ ಹಿಂಡಿದಳು. ನೀರು ತೊಟ್ಟಿಕ್ಕಿತು. ಅಮಾವಾಸ್ಯೆ ಕಳೆದು ಆರು ದಿನವಾಗಿತ್ತು. ಪ್ರತಿ ಅಮಾವಾಸ್ಯೆಗೂ ಪೂಜೆಗೆ ಮುಂಚೆ ಗಾಡಿಯ ಒಳಗೂ ಹೊರಗೂ ಕೊಡಗಟ್ಟಲೆ ನೀರು ಸುರಿದು ತೊಳೆಯುವುದು ಮನೆಯ ಪದ್ಧತಿ. ಆ ನೀರನ್ನೆಲ್ಲ ಚಾದರ ಕುಡಿದು, ವರ್ಷಗಟ್ಟಲೆ ತಗಡಿಗೆ ಅಂಟಿಕೊಂಡಿತ್ತು. ಅದನ್ನೂ ಸರಿಸಿದಾಗ ತಗಡಿನ ತೂತುಗಳಲ್ಲಿ ಕೆಳಗಿನ ರಸ್ತೆಯ ಡಾಂಬರು ಕಂಡಿತು.

ಅವಳು ಗಾಡಿಯನ್ನು ಗ್ಯಾರೇಜಿಗೆ ತಿರುಗಿಸಿದಳು.

"ಚಾದರ ನಮ್ಮದರಿ, ತಪ್ಪೂ ನಮ್ಮದ," ಎಂದಳು.

ಕಾಂತೇಶ ನಗಲಿಲ್ಲ. "ಹೊದಿಯಾಕ ನಿಮ್ಮ ಚಾದರ ಛಲೋನ ಅದ. ತಗಡಿಗಿ ಬ್ಯಾಡ್ರಿ."

ಗಾಡಿಯನ್ನು ಅಲ್ಲೇ ಬಿಟ್ಟು, ಮರುದಿನದಿಂದ ಅವಳು ಎಸ್.ಟಿ. ಬಸ್ಸು ಹತ್ತಿ ಬರತೊಡಗಿದಳು. ಕಂಡದ್ದಕ್ಕೆಲ್ಲ ಅವಳ ಪ್ರಶ್ನೆ. ಹೊಳೆಯುವವರೆಗೆ ತಗಡು ಯಾಕೆ ಉಜ್ಜಬೇಕು? ತೂತಿಗೆ ತೇಪೆ ಬೆಸೆದು, ಪ್ರೈಮರ್ ಹಚ್ಚಿ, ಅಡಿಗೆ ರಬ್ಬರಿನಂಥ ಕರಿಲೇಪ, ಒಳಗೆ ಸದ್ದು ಹೀರುವ ಹಾಳೆ... ಎಲ್ಲ ಮುಚ್ಚಿದ ಮೇಲೂ ಎರಡು ಸಣ್ಣ ಕಿಂಡಿ ಮಾತ್ರ ಯಾಕೆ ಬಿಟ್ಟ? ಒಳಗೆ ಬಂದ ನೀರು ಹೊರಗೆ ಹೋಗಲೆಂದು ಅವನು ತಾಳ್ಮೆಯಿಂದ ಹೇಳಿದ.

ತಿರುಗಿ ಬಂದಾಗ ಒಂದು ಚುಚ್ಚುಮಾತೂ ಆಡಲಿಲ್ಲವಲ್ಲ ಈ ಮನುಷ್ಯ... ಎಂದು ಅವಳು ಬಸ್ಸಿನಲ್ಲಿ ಯೋಚಿಸುತ್ತಿದ್ದಳು.

ಶನಿವಾರ ಅಪ್ಪನನ್ನೂ ಕರೆತಂದಳು. ಅವರು ಕಿಟಕಿ ಏರಿಸಿ ಊರಾಚೆವರೆಗೆ ಒಬ್ಬರೇ ಓಡಿಸಿಕೊಂಡು ಬಂದರು. ಮಾತಿಲ್ಲದೆ ಇಳಿದು, ಪುಣೆಗೆ ಫೋನ್ ಮಾಡಿ, ಗಾಡಿ ಮಾರುವುದಿಲ್ಲ ಎಂದರು. ಆಮೇಲೆ ಊರಿನ ಸ್ವಾಮಿಗಳ ಗುಡಿಗೆ ದರ್ಶನಕ್ಕೆ ನಡೆದರು.

ಇಬ್ಬರೇ ಉಳಿದರು. ಉಜ್ವಲಾ ಬಗ್ಗಿ ಗಾಡಿಯ ಅಡಿ ನೋಡಿದಳು.

"ಲೇಪ ಯಾವಾಗ ಒಣಗಿತ್ರಿ?"

ಕಾಂತೇಶ ಚಿಂದಿಬಟ್ಟೆಗೆ ಕೈ ಒರೆಸುತ್ತಲೇ ಇದ್ದ. "ನಿನ್ನೆ ಮುಂಜಾನಿ."

"ಮತ್ತ ನಿನ್ನೆ 'ಇನ್ನೂ ಹಸಿ ಅದ, ನಾಳಿ ಬರ್ರಿ' ಅಂದ್ರಲ್ಲ, ಯಾಕ?"

"ಗಾಡಿ ಕೊಟ್ರ ನೀವು ಬರೂದು ನಿಲ್ತದಲ್ರಿ..."

ಅವಳು ತಲೆ ತಗ್ಗಿಸಿದಳು. "ನಿನ್ನೆ ನಾನೂ ಮುಟ್ಟಿ ನೋಡಿದ್ನಿ. ಒಣಗಿತ್ತು. ಗೊತ್ತಿದ್ದ ಸುಮ್ಮನ ಬಸ್ ಹತ್ತಿದ್ನಿ."

ಕಾಂತೇಶ ಚಿಂದಿಬಟ್ಟೆ ಕೆಳಗಿಟ್ಟ.

"ನಿಮ್ಮ ಅಪ್ಪಾರಿಗಿ... ನಾ ಹೇಳ್ಲೇನು?"

"ಬ್ಯಾಡ. ನಾನ ಹೇಳತೀನಿ," ಎಂದಳು. "ನೀವು ಬಾಜೂಕ ನಿಂದರ್ರಿ, ಸಾಕು."