ಭಾನುವಾರದ ಗುಂಡು

ಆ ಭಾನುವಾರ ಬೆಳಿಗ್ಗೆ ಕೆಂಟಕಿಯ ಲಾರೆಲ್ ಕಣಿವೆಯಲ್ಲಿ ಗಾಳಿ ಅಲುಗಾಡುತ್ತಿರಲಿಲ್ಲ. ಹುಲ್ಲಿನ ಪ್ರತಿ ಗರಿಯೂ ಬಿಳಿಯ ಹಿಮ ಹೊತ್ತು, ಪ್ರಾರ್ಥನೆಗೆ ನಿಂತಂತೆ ನಿಂತಿತ್ತು. ಚರ್ಚಿನ ಬೀಗದ ಕೈ ಇದ್ದದ್ದು ಹಿರಿಯ ಓರ್ವಿಲ್ ಮೇಗರ್ಡ್ ಬಳಿ. ಎಂದೂ ಎಲ್ಲರಿಗಿಂತ ಮೊದಲು ಬರುತ್ತಿದ್ದ ಆತ ಅಂದು ತಡಮಾಡಿದ. ಭಕ್ತರೆಲ್ಲ ಮೆಟ್ಟಿಲ ಮೇಲೆ ನಡುಗುತ್ತ ಕಾದರು. ಅವರಲ್ಲಿ ಇನ್‌ಸ್ಪೆಕ್ಟರ್ ಮಾರ್ಲೀನ್ ಸ್ಟಿಡಮ್ ಕೂಡ ಇದ್ದಳು.

ಎರಡನೇ ಕೀರ್ತನೆಯ ನಡುವೆ ಠಾಣೆಯಿಂದ ಅವಳಿಗೆ ಫೋನು ಬಂತು. ಹಾರ್ಲನ್ ಬೆಗ್ಲಿ ಎಂಬ ದನಗಾರ ಗುಡ್ಡಗಾಡಿಗೆಂದೇ ಇಟ್ಟಿದ್ದ ತನ್ನ ನಾಲ್ಕು ಚಕ್ರದ ತೆರೆದ ಮೋಟಾರು ಗಾಡಿಯಲ್ಲಿ ಗುಡ್ಡದ ಸ್ಮಶಾನದ ಪಕ್ಕ ಹೋಗುವಾಗ ಯಾರೋ ಗುಂಡು ಹಾರಿಸಿದ್ದರು. ಗುಂಡು ಅವನ ಮೀನಖಂಡ ತೂರಿ ಹೋಗಿತ್ತು. ಜೀವಕ್ಕೆ ಅಪಾಯವಿರಲಿಲ್ಲ. ಆಸ್ಪತ್ರೆಯ ಮಂಚದಿಂದಲೇ ಹಾರ್ಲನ್ ದೂರು ಬರೆಸಿದ: ಹೊಡೆದವನು ಪಕ್ಕದ ಜಮೀನಿನ ವೇಡ್ ಸೈಜ್‌ಮೋರ್. ಬೇಲಿಯ ಜಗಳ ಹಳೆಯದು.

ಹೊಡೆದವನನ್ನು ಕಣ್ಣಾರೆ ಕಂಡೆಯಾ ಎಂದು ಅವಳು ಕೇಳಿದಳು.

“ಕಾಣೋದೇನು ಬಂತು? ಅವನಲ್ಲದೆ ಇನ್ಯಾರು ಹೊಡೀತಾರೆ ನಂಗೆ?”

“ಪಟ್ಟಿ ಮಾಡ್ತಾ ಹೋದ್ರೆ ನನ್ನ ಪೆನ್ನಿನ ಶಾಯಿ ಮುಗಿಯುತ್ತೆ, ಹಾರ್ಲನ್,” ಎಂದಳು ಮಾರ್ಲೀನ್.

ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೆಬಲ್ ಟಾಲಿವರ್ ವೇಡ್‌ನನ್ನು ಠಾಣೆಗೆ ಕರೆತಂದ. ವೇಡ್‌ಗೆ ಮಂಗಳವಾರ ನ್ಯಾಯಾಲಯವಿತ್ತು. ಅವನ ಆರು ವರ್ಷದ ಮಗಳು ಯಾರ ಬಳಿ ಇರಬೇಕೆಂಬ ತೀರ್ಪು ಅಂದೇ. ಲಾಕಪ್ಪಿನಲ್ಲಿರುವ ತಂದೆಗೆ ಯಾವ ನ್ಯಾಯಾಧೀಶ ಮಗುವನ್ನು ಕೊಟ್ಟಾನು? ಅವನಿಂದ ವಶಪಡಿಸಿಕೊಂಡ ಪಿಸ್ತೂಲನ್ನು ಪರೀಕ್ಷೆಗೆ ಕಳಿಸಿದರೆ ಉತ್ತರ ಬರಲು ವಾರಗಳೇ ಬೇಕು. ವೇಡ್ ಟೋಪಿಯನ್ನು ಮೊಣಕಾಲ ಮೇಲಿಟ್ಟು ಕೂತಿದ್ದ.

ಸ್ಥಳದ ಪಂಚನಾಮೆಯಲ್ಲಿ ಗಾಡಿಯ ಸೀಟಿನ ಬುಡದಿಂದ ಗುಂಡು ಸಿಕ್ಕಿತು. ಮೂತಿ ಹೂವಿನಂತೆ ಅರಳಿದ್ದರೂ ಚೂರು ಉದುರಿರಲಿಲ್ಲ. ಮಾರ್ಲೀನ್ ಅದನ್ನು ಠಾಣೆಯ ತಕ್ಕಡಿಯಲ್ಲಿಟ್ಟಳು. ಗುಂಡು ತೂಗುವ ಅಳತೆಯಾದ ಗ್ರೇನಿನ ಲೆಕ್ಕದಲ್ಲಿ ನೂರ ನಲವತ್ತೇಳಕ್ಕೆ ಕೂದಲೆಳೆಯಷ್ಟು ಕಡಿಮೆ. ಒಂಬತ್ತು ಮಿಲಿಮೀಟರ್ ಪಿಸ್ತೂಲಿಗೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಗುಂಡುಗಳಲ್ಲಿ ಭಾರದ್ದು ಅದೇ. ವೇಡ್‌ನ ಪಿಸ್ತೂಲಿನಲ್ಲೂ ಮನೆಯಲ್ಲೂ ಸಿಕ್ಕಿದ್ದೆಲ್ಲ ನೂರ ಹದಿನೈದರ ಹಗುರದ್ದು.

“ಯಾಕೆ ಹಗುರದ್ದು?” ಎಂದು ವೇಡ್‌ನನ್ನು ಕೇಳಿದಳು.

“ಗಿಡ್ಡ ನಳಿಕೆ ಅಲ್ವಾ ಮೇಡಂ? ಭಾರದ್ದು ಅದ್ರಲ್ಲಿ ವೇಗ ಹಿಡಿಯಲ್ಲ ಅಂತ ನಮ್ಮಪ್ಪ ಹೇಳೋನು.”

“ನಿಮ್ಮಪ್ಪ ಎಲ್ಲದಕ್ಕೂ ಏನಾದ್ರೂ ಹೇಳೋನು,” ಎಂದು ಟಾಲಿವರ್ ಗೊಣಗಿದ.

ವೇಡ್ ಮೊದಲ ಸಲ ನಕ್ಕ.

ಮಾರ್ಲೀನ್ ನಗಲಿಲ್ಲ. ಅವಳಿಗೆ ಚರ್ಚಿನ ಊಟದ ಮೇಜು ನೆನಪಾಗಿತ್ತು. ಕಳೆದ ವಸಂತದಲ್ಲಿ ಪ್ರಾರ್ಥನೆಯ ಹೊತ್ತು ಪಿಸ್ತೂಲಿಟ್ಟುಕೊಂಡು ಚರ್ಚು ಕಾಯುವ ಐವರು ಹಿರಿಯರು ಕಾಳಿನ ಸಾರಿನ ಮುಂದೆ ಕೂತು, ಕೋಟಿನೊಳಗಿನ ಪಿಸ್ತೂಲಿಗೆ ಯಾವ ತೂಕದ ಗುಂಡು ಎಂದು ಸಾರು ಆರುವವರೆಗೂ ವಾದಿಸಿದ್ದರು. ಕೊನೆಗೆ ಓರ್ವಿಲ್‌ನ ಮಾತೇ ಗೆದ್ದಿತು: ವಾತ ಹಿಡಿದ ಕೈಗೆ ಭಾರದ್ದೇ ವಾಸಿ, ಹಗುರದ್ದು ಚಟ್ಟನೆ ಒದೆಯುತ್ತದೆ, ಭಾರದ್ದು ಮೆಲ್ಲಗೆ ತಳ್ಳುತ್ತದೆ. ಆದರೆ ಅದು ದುಬಾರಿ. ವಾರವೆಲ್ಲ ಅಭ್ಯಾಸಕ್ಕೆ ಅಗ್ಗದ ಹಗುರದ್ದನ್ನು ಹಾರಿಸಿ, ಭಾರದ್ದನ್ನು ಭಾನುವಾರಕ್ಕೆ ಮಾತ್ರ ತುಂಬಿಕೊಳ್ಳುವುದು ಐವರ ರೂಢಿಯಾಯಿತು.

ಆ ಬೆಳಿಗ್ಗೆ ಗುಂಡು ಹಾರಿದ ಹೊತ್ತಿಗೆ ಅವರಲ್ಲಿ ನಾಲ್ವರು ಅವಳ ಕಣ್ಣೆದುರೇ ಕಾರುಗಳನ್ನು ನಿಲ್ಲಿಸುತ್ತಿದ್ದರು. ಐದನೆಯವನು ಬೀಗದ ಕೈ ಹಿಡಿದು ತಡವಾಗಿ ಬಂದಿದ್ದ.

ಸೋಮವಾರ ಅವಳು ಓರ್ವಿಲ್‌ನ ಜಗುಲಿಯಲ್ಲಿ ಕೂತಳು. ಆತ ಕಾಫಿ ತಂದುಕೊಟ್ಟ. ಗುಡ್ಡದ ಮೇಲೆ ಆತನ ಹೆಂಡತಿ ಲೂಎಲಾಳ ಸಮಾಧಿ ಕಾಣುತ್ತಿತ್ತು.

“ಗುರಿ ಎಲ್ಲಿಗಿಟ್ಟಿದ್ರಿ, ಓರ್ವಿಲಣ್ಣ?”

ಆತ ಗುಡ್ಡದ ಕಡೆ ತಿರುಗಿದ. “ಚಕ್ರದ ಮುಂದಿನ ನೆಲಕ್ಕೆ. ಹೆದರಿಸೋಣ ಅಂತ. ಅಭ್ಯಾಸದಲ್ಲಿ ಆ ದೂರಕ್ಕೆ ಕಾಸಗಲ ತಪ್ಪಿದೋನಲ್ಲ ನಾನು.”

“ಅಭ್ಯಾಸ ಹಗುರದ್ರಲ್ಲಿ. ನಿನ್ನೆ ಇದ್ದದ್ದು ಭಾರದ್ದು. ಅದು ನಿಧಾನ. ನಳಿಕೆ ಬಿಡೋ ಹೊತ್ತಿಗೆ ಪಿಸ್ತೂಲಿನ ಮೂತಿ ಒಂಚೂರು ಎದ್ದಿರುತ್ತೆ. ನೆಲಕ್ಕೆ ಬೀಳಬೇಕಾದ್ದು ಮೇಲೆ ಹೋಗಿ ಕಾಲಿಗೆ ಬಿತ್ತು.”

ಓರ್ವಿಲ್ ತನ್ನ ಸೊಟ್ಟ ಬೆರಳುಗಳನ್ನು ನೋಡಿಕೊಂಡ. “ಆ ಹುಡುಗನ್ನ ಹಿಡಿದಿದ್ದೀರಿ ಅಂತ ರಾತ್ರಿ ಗೊತ್ತಾಯ್ತು. ಪ್ರಾರ್ಥನೆಗೆ ಕೂತೆ. ಮಾತೇ ಬರ್ಲಿಲ್ಲ, ತಂಗಿ. ಕೋಟು ಹಾಕ್ಕೊಂಡು ಬರ್ತೀನಿ, ಇರು.”

ಪಿಸ್ತೂಲನ್ನು ಆತನೇ ಠಾಣೆಯ ಮೇಜಿನ ಮೇಲಿಟ್ಟ. ಮಧ್ಯಾಹ್ನ ಬಂಧನ ದಾಖಲಾಯಿತು. ಸಂಜೆಯೊಳಗೆ ವೇಡ್ ಮನೆಯಲ್ಲಿದ್ದ. ಮರುದಿನ ನ್ಯಾಯಾಲಯದಿಂದ ಮಗಳ ಕೈ ಹಿಡಿದೇ ಹೊರಬಂದ.

ಓರ್ವಿಲ್‌ನ ಹೇಳಿಕೆ ಅರ್ಧ ಪುಟದ್ದು. ಹಾರ್ಲನ್ ದಿನವೂ ಸಮಾಧಿಗಳ ಮೇಲೆಯೇ ಗಾಡಿ ಓಡಿಸುತ್ತಿದ್ದ. ಲೂಎಲಾಳ ಸಮಾಧಿಯ ಕಾಲ ಬದಿಗೆ ಗುರುತಿಗೆ ನೆಟ್ಟಿದ್ದ ಪುಟ್ಟ ಕಲ್ಲು ಶರತ್ಕಾಲದಲ್ಲೇ ಕಾಣೆಯಾಗಿತ್ತು. ಹಾಗೆ ಓಡಿಸಬೇಡವೆಂದು ಮೂರು ಬಾರಿ ಕೇಳಿಕೊಂಡರೂ ಹಾರ್ಲನ್ ನಕ್ಕುಬಿಟ್ಟಿದ್ದ. ನಲವತ್ತು ವರ್ಷ ಜೊತೆಗೆ ಮಲಗಿದವಳ ಮೇಲೆ ಚಕ್ರ ಹರಿಯುವುದನ್ನು ಆ ಬೆಳಿಗ್ಗೆ ಕೂಡ ಕಂಡಾಗ ತನಗೆ ದೇವರ ಮನೆಯ ದಾರಿ ಮರೆತುಹೋಯಿತೆಂದು ಓರ್ವಿಲ್ ಬರೆಸಿದ್ದ.

ಜಾಮೀನು ಸಿಕ್ಕ ಮೇಲಿನ ಒಂದು ಸಂಜೆ ಆತ ಸಮಾಧಿಯ ಬಳಿ ಎಲೆ ಗುಡಿಸುತ್ತಿದ್ದ. ಬೇಲಿಯ ಆಚೆಯಿಂದ, ಸಮಾಧಿಗಳನ್ನು ತುಳಿಯದೆ ಸುತ್ತುದಾರಿ ಹಿಡಿದು, ಊರುಗೋಲು ಊರುತ್ತ ಹಾರ್ಲನ್ ನಡೆದುಬಂದ. ಭುಜದಲ್ಲಿ ದನದ ಮೇವಿನ ಚೀಲವಿತ್ತು. ಬಗ್ಗಲಾರದೆ ಬಗ್ಗಿ, ಚೀಲದಿಂದ ಕಾಣೆಯಾಗಿದ್ದ ಆ ಪುಟ್ಟ ಕಲ್ಲನ್ನು ತೆಗೆದು, ತೋಳಿನಿಂದ ಧೂಳು ಒರೆಸಿ, ಓರ್ವಿಲ್‌ನ ಎರಡೂ ಕೈಗಳಲ್ಲಿಟ್ಟ.